ಅಟ್ಟದಿಂದ ಇಳಿದ ಗಾಲಿಕುರ್ಚಿ ಇನ್ನೊಂದು ಮನೆಗೆ ಹೋಗುವ ಮುನ್ನ

ಗಾಲಿಕುರ್ಚಿ ಬೇಕು ಅಂತ ಫೋನ್ ಬಂದ ಕೂಡಲೇ ನಾನು ನಾಲ್ಕು ಅಳತೆ ಕೇಳುತ್ತೇನೆ: ಕೂರುವವರ ಸೊಂಟದ ಅಗಲ, ಬೆನ್ನಿನಿಂದ ಮೊಣಕಾಲಿನ ಹಿಂಬದಿಯವರೆಗಿನ ಉದ್ದ, ಪಡಸಾಲೆ ಬಾಗಿಲಿನ ಅಗಲ, ಬಚ್ಚಲ ಬಾಗಿಲಿನ ಅಗಲ. ಇಷ್ಟು ತಿಳಿಯದೆ ಹುಬ್ಬಳ್ಳಿಯಿಂದ ರೋಣಕ್ಕೋ ಹಾನಗಲ್ಲಿಗೋ ಕುರ್ಚಿ ಕಳಿಸಿದರೆ ಇಲ್ಲಿನ ಅಟ್ಟ ಬಿಟ್ಟು ಅಲ್ಲಿನ ಅಟ್ಟ ಸೇರುತ್ತದೆ, ಅಷ್ಟೇ. ಬಳಸಿದ ಕುರ್ಚಿಯನ್ನು ಇನ್ನೊಬ್ಬರಿಗೆ ದಾಟಿಸುವ ಕೆಲಸದಲ್ಲಿ ಅರ್ಧ ಪಾಲು ಟೇಪಿನದು, ಅರ್ಧ ಪಾಲು ಪಾನಾದ್ದು.

ಸೊಂಟ ಅಳೆಯಲು ಅವರನ್ನು ಗಟ್ಟಿ ಸ್ಟೂಲಿನ ಮೇಲೆ ಕೂರಿಸಿ, ಎರಡೂ ಬದಿಗೆ ಒಂದೊಂದು ದಪ್ಪ ಪುಸ್ತಕವನ್ನು ಮೈಗೆ ತಾಗುವಂತೆ ನಿಲ್ಲಿಸಿ, ಪುಸ್ತಕಗಳ ನಡುವಿನ ಅಂತರ ನೋಡಬೇಕು. ಅದಕ್ಕೆ 1ರಿಂದ 2 ಇಂಚು ಕೂಡಿಸಿದರೆ ಸೀಟಿನ ಅಗಲ ಬಂತು. ಉದ್ದದಲ್ಲಿ ಮಾತ್ರ 2 ಇಂಚು ಕಳೆಯಬೇಕು. ಸೀಟಿನ ಅಂಚಿಗೂ ಮೊಣಕಾಲಿನ ಹಿಂಬದಿಗೂ ನಡುವೆ ಎರಡು ಮೂರು ಬೆರಳು ಹಿಡಿಸುವಷ್ಟು ಜಾಗ ಇರಲಿ. ಅದಿಲ್ಲದಿದ್ದರೆ ಅಂಚು ಕಾಲಿಗೆ ಒತ್ತಿ, ಕೂತವರು ಮುಂದೆ ಜಾರುತ್ತಾ ಬೆನ್ನ ಬುಡದ ಮೇಲೆ ಭಾರ ಹಾಕುತ್ತಾರೆ.

ದಾನವಾಗಿ ಬರುವ ಕುರ್ಚಿಗಳಲ್ಲಿ ಹೆಚ್ಚಿನವು 18 ಇಂಚಿನ ಸೀಟಿನವು. ಎಂಟು ವರ್ಷದ ಮಗುವನ್ನು ಅದರಲ್ಲಿ ಕೂರಿಸಿದರೆ ಒಂದು ಬದಿಗೆ ವಾಲಿಕೊಂಡೇ ಬೆಳೆಯುತ್ತದೆ, ಬೆನ್ನು ಸೊಟ್ಟಗಾಗುತ್ತದೆ. ‘ದೊಡ್ಡದಿದ್ದರೇನು, ಬೆಳೆದಂಗ ಸರಿ ಹೋಗ್ತದ’ ಎಂಬ ಮಾತು ಅಂಗಿಗೆ ಸರಿ, ಕುರ್ಚಿಗೆ ಅಲ್ಲ. ಮಕ್ಕಳ ಕುರ್ಚಿ ಸಿಗುವವರೆಗೆ ದೊಡ್ಡದನ್ನು ಕೊಡುವುದಿಲ್ಲ ಎಂದು ಸ್ಪಷ್ಟವಾಗಿ ಹೇಳುವುದೇ ಒಳ್ಳೆಯದು.

ಕುರ್ಚಿ ಬಂದ ಮೇಲೆ ಮೊದಲು ಸಮತಟ್ಟಾದ ಫರ್ಸಿಯ ಮೇಲೆ ಬಿಡಿಸಿ ಇಡುತ್ತೇನೆ. ನಾಲ್ಕೂ ಗಾಲಿ ನೆಲಕ್ಕೆ ತಾಗಬೇಕು. ಹಿಂದಿನಿಂದ ಮೆಲ್ಲಗೆ ತಳ್ಳಿ ಕೈಬಿಟ್ಟರೆ ಮೂರ್ನಾಲ್ಕು ಮೀಟರ್ ನೆಟ್ಟಗೆ ಹೋಗಬೇಕು. ಒಂದೇ ಬದಿಗೆ ಎಳೆದರೆ ಮುಂದಿನ ಗಾಲಿಯ ಕವಲು ಬಾಗಿದೆ, ಇಲ್ಲವೇ ಒಂದು ಟೈರಿನಲ್ಲಿ ಗಾಳಿ ಕಡಿಮೆ ಇದೆ. ಸೀಟಿನ ಕೆಳಗೆ ಕತ್ತರಿಯಂತೆ ದಾಟುವ ಎರಡು ಪೈಪುಗಳ ನಡುವಿನ ಬೋಲ್ಟು, ಅದರ ಸುತ್ತಲಿನ ವೆಲ್ಡಿಂಗ್, ಇವೆರಡನ್ನೂ ಬ್ಯಾಟರಿ ಹಿಡಿದು ನೋಡಬೇಕು. ಅಲ್ಲಿ ಬಿರುಕು ಕಂಡರೆ ನಾನು ರಿಪೇರಿಗೆ ಕೈಹಾಕುವುದಿಲ್ಲ. ತೆಳು ಪೈಪಿಗೆ ಬೀದಿ ಬದಿಯ ವೆಲ್ಡಿಂಗ್ ಹಾಕಿಸಿದರೆ ಅದರ ಪಕ್ಕದಲ್ಲೇ ಮತ್ತೆ ಬಿರಿಯುತ್ತದೆ, ಅದೂ ಮನುಷ್ಯರು ಕೂತಿರುವಾಗ. ಅಂಥ ಕುರ್ಚಿಯ ಗಾಲಿ, ಬ್ರೇಕು, ಪಾದಪಟ್ಟಿ ಬಿಚ್ಚಿಟ್ಟುಕೊಂಡರೆ ಇನ್ನೆರಡು ಕುರ್ಚಿಗಳು ಎದ್ದು ನಿಲ್ಲುತ್ತವೆ.

ಹೆಚ್ಚು ತೊಂದರೆ ಕೊಡುವುದು ಮುಂದಿನ ಸಣ್ಣ ಗಾಲಿಗಳು. ಕೂದಲು, ನೂಲು, ಸೀರೆಯ ಎಳೆ ಎಲ್ಲ ಅಚ್ಚಿಗೆ ಸುತ್ತಿ ಹಗ್ಗದಂತೆ ಬಿಗಿದಿರುತ್ತವೆ. 13ರ ಪಾನಾ ಎರಡು ಬೇಕು, ಒಂದು ಬೋಲ್ಟಿಗೆ, ಒಂದು ನಟ್ಟಿಗೆ. ಬಿಚ್ಚಿ, ಬ್ಲೇಡಿನಿಂದ ಕೂದಲು ಕೊಯ್ದು ತೆಗೆದು, ಬೇರಿಂಗನ್ನು ಬೆರಳಲ್ಲಿ ತಿರುಗಿಸಿ ನೋಡಬೇಕು. ಕರಕರ ಎಂದರೆ ಚಿಮಣಿ ಎಣ್ಣೆಯಲ್ಲಿ ತೊಳೆದು ಗ್ರೀಸ್ ಹಾಕುವ ಬದಲು ಹೊಸದೇ ಹಾಕಿಬಿಡುವುದು ಮೇಲು. ಸಾಮಾನ್ಯವಾಗಿ ಇದು 608 ನಂಬರಿನದು, ಒಳರಂಧ್ರ 8 ಮಿ.ಮೀ., ಹೊರವ್ಯಾಸ 22 ಮಿ.ಮೀ. ಹುಬ್ಬಳ್ಳಿ ಪೇಟೆಯ ಬೇರಿಂಗ್ ಅಂಗಡಿಯಲ್ಲಿ ಸಿಗುತ್ತದೆ. ಆದರೂ ಹಳೆಯದನ್ನು ಜೇಬಿನಲ್ಲಿ ಇಟ್ಟುಕೊಂಡೇ ಹೋಗಿ, ಅದರ ಮೇಲೆ ನಂಬರ್ ಕೆತ್ತಿರುತ್ತದೆ. ಎರಡೂ ಬದಿ ರಬ್ಬರ್ ಮುಚ್ಚಳ ಇರುವುದನ್ನೇ ಕೇಳಿ. ನವಲಗುಂದ, ಅಣ್ಣಿಗೇರಿ ಕಡೆಯ ಎರೆಮಣ್ಣು ಮಳೆಗಾಲದಲ್ಲಿ ಅಂಟಿನಂತೆ ಹತ್ತುತ್ತದೆ. ತೆರೆದ ಬೇರಿಂಗ್ ಒಂದು ಮಳೆಗಾಲವನ್ನೂ ತಾಳುವುದಿಲ್ಲ. ಎರೆನಾಡಿಗೆ ಹೋಗುವ ಕುರ್ಚಿಯಾದರೆ ಮುಂದಿನ ಗಾಲಿ 8 ಇಂಚಿನದೇ ಇರಲಿ. 5-6 ಇಂಚಿನ ಕಿರುಗಾಲಿ ಆಸ್ಪತ್ರೆಯ ನುಣುಪು ನೆಲಕ್ಕೆ ಸರಿ, ಊರ ಓಣಿಯಲ್ಲಿ ಅದು ಮಣ್ಣಲ್ಲಿ ಹೂತು ಕೂತವರನ್ನು ಮುಂದಕ್ಕೆ ಕೆಡವುತ್ತದೆ. ಗಾಲಿಯ ಕವಲನ್ನು ಚೌಕಟ್ಟಿಗೆ ಹಿಡಿದಿರುವ ಮೇಲಿನ ನಟ್ಟು ಸಡಿಲಿದ್ದರೆ ಗಾಲಿ ಗಡಗಡ ನಡುಗುತ್ತದೆ, ಅತಿ ಬಿಗಿಯಾದರೆ ತಿರುಗುವುದಿಲ್ಲ. ಅಲ್ಲಾಟ ನಿಲ್ಲುವವರೆಗೆ ಮಾತ್ರ ಬಿಗಿಮಾಡಬೇಕು.

ಹಿಂದಿನ ಗಾಳಿ ಟೈರು ಬದಲಿಸುವಾಗ ‘24 ಇಂಚಿನದು ಕೊಡ್ರಿ’ ಎಂದಷ್ಟೇ ಹೇಳಿದರೆ ಸೈಕಲ್ ಅಂಗಡಿಯವರು ಕೊಡುವುದು ಕೂರದೇ ಇರಬಹುದು. 24 ಇಂಚು ಎಂದು ಬರೆದ ಟೈರುಗಳಲ್ಲೇ ಬೇರೆ ಬೇರೆ ರಿಮ್ಮಿನವು ಇವೆ. ಹಳೆಯ ಟೈರಿನ ಬದಿಯಲ್ಲಿ 37-540 ಎಂದಿದ್ದರೆ ಹೊಸದರಲ್ಲೂ ಆ 540 ಇರಲೇಬೇಕು, ಅದು ಟೈರು ಕೂರುವ ರಿಮ್ಮಿನ ಅಡ್ಡಳತೆ, ಮಿ.ಮೀ. ಲೆಕ್ಕದಲ್ಲಿ. ಟ್ಯೂಬು ಹಿಗ್ಗುತ್ತದೆ, ಅದರಲ್ಲಿ ಅಷ್ಟು ಕಟ್ಟುನಿಟ್ಟು ಬೇಡ.

ಬ್ರೇಕ್ ಹಿಡಿಯುತ್ತಿಲ್ಲ ಎಂಬ ದೂರಿಗೆ ಬಹಳ ಸಲ ಕಾರಣ ಬ್ರೇಕೇ ಅಲ್ಲ, ಗಾಳಿ. ಟೈರು ಮೆತ್ತಗಾದರೆ ಬ್ರೇಕಿನ ಕೊಕ್ಕೆ ಅದನ್ನು ಮುಟ್ಟುವುದೇ ಇಲ್ಲ. ಮೊದಲು ಟೈರಿನ ಮೇಲೆ ಬರೆದಷ್ಟು ಗಾಳಿ ತುಂಬಿ, ಆಮೇಲೆ ಬ್ರೇಕಿನ ಪಟ್ಟಿಯ ಬೋಲ್ಟು ಸಡಿಲಿಸಿ, ಹಾಕಿದಾಗ ಕೊಕ್ಕೆ ಟೈರಿನೊಳಕ್ಕೆ 3-4 ಮಿ.ಮೀ. ಒತ್ತುವಂತೆ ಸರಿಸಿ ಬಿಗಿಮಾಡಬೇಕು. ಇಳಿಜಾರಿನಲ್ಲಿ ಒಬ್ಬರನ್ನು ಕೂರಿಸಿ, ಬ್ರೇಕ್ ಹಾಕಿ, ಹಿಂದಿನಿಂದ ತಳ್ಳಿ ನೋಡದೆ ಯಾವ ಕುರ್ಚಿಯನ್ನೂ ಹೊರಗೆ ಕಳಿಸಬಾರದು.

ಇನ್ನು ಸೀಟು. ಎರಡು ಬದಿಯ ಪೈಪುಗಳ ಮೇಲೆ ಒಂದು ನೇರ ಕೋಲು ಅಡ್ಡ ಇಟ್ಟು ನೋಡಿ. ನಡುವೆ ರೆಕ್ಸಿನ್ ಒಂದೂವರೆ ಇಂಚಿಗಿಂತ ಹೆಚ್ಚು ಜೋತಿದ್ದರೆ ಬದಲಿಸಲೇಬೇಕು. ಜೋತ ಸೀಟು ಜೋಳಿಗೆಯಾಗುತ್ತದೆ, ತೊಡೆಗಳು ಒಂದಕ್ಕೊಂದು ಒತ್ತುತ್ತವೆ, ಸೊಂಟ ವಾಲುತ್ತದೆ. ಕಾರಿನ ಸೀಟ್ ಕವರ್ ಹೊಲಿಯುವವರ ಹತ್ತಿರ ಒಳಗೆ ಎರಡು ಪದರು ಕ್ಯಾನ್ವಾಸ್, ಹೊರಗೆ ರೆಕ್ಸಿನ್ ಇಟ್ಟು ಹೊಲಿಸಿ. ಸ್ಕ್ರೂ ಕೂರುವ ಅಂಚನ್ನು ಎರಡು ಸಲ ಮಡಚಿ ಹೊಲಿಯಲು ಹೇಳಬೇಕು, ಪ್ರತಿ ಸ್ಕ್ರೂಗೂ ವಾಷರ್ ಹಾಕಬೇಕು. ಹಾಕದಿದ್ದರೆ ಮೊದಲು ಹರಿಯುವುದು ಆ ತೂತೇ.

ಸೀಟಿನ ಮೇಲಿನ ಗಾದಿಯ ಬಗ್ಗೆ ನಾನು ರಾಜಿಯಾಗುವುದಿಲ್ಲ. ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಸ್ಪರ್ಶ ಗೊತ್ತಾಗದವರಿಗೆ ಗಾದಿಯಿಲ್ಲದ ಕುರ್ಚಿ ಕೊಡುವುದು ಹುಣ್ಣು ಕೊಟ್ಟಂತೆ. ಅವರಿಗೆ ನೋವು ತಿಳಿಯದು. ಚರ್ಮ ಕೆಂಪಾಗಿ, ಒಡೆದು, ಎಲುಬಿನವರೆಗೆ ಇಳಿಯುವ ಹುಣ್ಣು ಜೀವಕ್ಕೇ ಬರಬಹುದು. ಕೆಳಗೆ 2 ಇಂಚು ಗಟ್ಟಿ ಫೋಮ್, ಮೇಲೆ 1 ಇಂಚು ಮೆತ್ತನೆಯ ಫೋಮ್ ಅಂಟಿಸಿ, ಗಾಳಿಯಾಡುವ ಹತ್ತಿ ಬಟ್ಟೆಯ ಹೊದಿಕೆ ಹಾಕುತ್ತೇನೆ. ಕೂತ ಮೇಲೆ ಗಾದಿಯ ಕೆಳಗೆ ಅಂಗೈ ತೂರಿಸಿ ನೋಡಬೇಕು. ಕುಂಡಿಯ ಎಲುಬು ಕೈಗೆ ತಾಗಿದರೆ ಆ ಫೋಮ್ ಸತ್ತಿದೆ. ನಡುವೆ ತೂತಿರುವ ಗಾಳಿ ಟ್ಯೂಬಿನ ಗಾದಿಯನ್ನು ಒಳ್ಳೆಯದೆಂದು ತರುತ್ತಾರೆ. ಅದು ಅಂಚಿನಲ್ಲಿ ಒತ್ತಿ ರಕ್ತ ಓಡಾಟಕ್ಕೆ ಅಡ್ಡಿಯಾಗುತ್ತದೆ, ಬೇಡ. ಎಂಥ ಗಾದಿ ಇದ್ದರೂ 15-30 ನಿಮಿಷಕ್ಕೊಮ್ಮೆ ಕೈಯೂರಿ ಮೈ ಎತ್ತಬೇಕು, ಆಗದವರನ್ನು ಮನೆಯವರು ವಾಲಿಸಬೇಕು. ಹಳೆಯ ಗಾದಿಯನ್ನು ಮಾತ್ರ ಯಾರಿಗೂ ದಾಟಿಸಬೇಡಿ.

ತೊಳೆಯುವುದು ಸುಲಭ, ಅನುಕ್ರಮ ತಪ್ಪಬಾರದು. ಮೊದಲು ಸೋಪಿನ ನೀರು, ಆಮೇಲೆ ಬ್ಲೀಚ್. ಕೊಳೆಯ ಮೇಲೆ ಹಾಕಿದ ಬ್ಲೀಚ್ ಕೆಲಸ ಮಾಡುವುದಿಲ್ಲ. ಡಬ್ಬಿಯ ಮೇಲೆ ಸೋಡಿಯಂ ಹೈಪೋಕ್ಲೋರೈಟ್ 5% ಎಂದಿದ್ದರೆ ಒಂದು ಪಾಲಿಗೆ ಒಂಬತ್ತು ಪಾಲು ನೀರು, 10 ನಿಮಿಷ ಬಿಟ್ಟು ಬರೀ ನೀರಿನ ಅರಿವೆಯಿಂದ ಒರೆಸಬೇಕು. ಬಿಟ್ಟರೆ ಕಬ್ಬಿಣ ತುಕ್ಕು ಹಿಡಿಯುತ್ತದೆ. ಪಾಯಿಖಾನೆ ತೊಳೆಯುವ ಆಸಿಡ್ ಜೊತೆ ಬ್ಲೀಚ್ ಸೇರಿಸಲೇಬೇಡಿ, ವಿಷಗಾಳಿ ಏಳುತ್ತದೆ. ಹೊಲಿಗೆಯ ಸಂದಿಯಲ್ಲಿ ತಗಣಿ ಕಂಡರೆ, ಮೂತ್ರದ ವಾಸನೆ ಹೋಗದಿದ್ದರೆ ಆ ಸೀಟು, ಬೆನ್ನಪಟ್ಟಿ ಎರಡನ್ನೂ ಬಿಸಾಡಿ ಹೊಸದು ಹಾಕಿಸುವುದೇ ದಾರಿ.

ಕೈಯಿಂದ ತಿರುಗಿಸುವ ದೊಡ್ಡ ಗಾಲಿಯ 18 ಇಂಚಿನ ಕುರ್ಚಿ ಹೊರಗಿಂದ ಹೊರಗೆ 25-26 ಇಂಚು ಬರುತ್ತದೆ. ಧಾರವಾಡದ ಹಳೆಯ ಮನೆಗಳಲ್ಲಿ ಎರಡು ಪಡಕಿನ ಬಾಗಿಲು ಇರುವಲ್ಲಿ ಎರಡನ್ನೂ ಪೂರ್ತಿ ತೆರೆದು, ಚೌಕಟ್ಟಿನ ಒಳಅಳತೆ ತೆಗೆದುಕೊಳ್ಳಬೇಕು. ಬಚ್ಚಲ ಬಾಗಿಲು 24 ಇಂಚೇ ಇದ್ದರೆ ಅಲ್ಲಿಗೆ ಈ ಕುರ್ಚಿ ಹೋಗದು, ಸಣ್ಣ ಗಾಲಿಯ ಕಮೋಡ್ ಕುರ್ಚಿ ಜೊತೆಗೆ ಕೊಡಬೇಕು. ಹೊಸ್ತಿಲು 6 ಇಂಚು ಎತ್ತರವಿದ್ದರೆ ಒಂದು ಇಂಚು ಎತ್ತರಕ್ಕೆ ಹನ್ನೆರಡು ಇಂಚು ಉದ್ದದ ಲೆಕ್ಕದಲ್ಲಿ 6 ಅಡಿ ಉದ್ದದ ಹಲಗೆಯ ಇಳಿಜಾರು ಬೇಕು, ಎರಡೂ ಅಂಚಿಗೆ ಪಟ್ಟಿ ಹೊಡೆದು.

ಕೊಡುವ ದಿನ ಅರ್ಧ ಗಂಟೆ ಕಲಿಸುವುದಕ್ಕೇ ಇಡಿ. ಬಿಡಿಸುವಾಗ ಸೀಟಿನ ಪೈಪುಗಳನ್ನು ಅಂಗೈಯಿಂದ ಒತ್ತಬೇಕು, ಬೆರಳು ಕೆಳಗೆ ಮಡಚಿದರೆ ನಜ್ಜಾಗುತ್ತದೆ. ಎತ್ತುವಾಗ ಚೌಕಟ್ಟು ಹಿಡಿಯಬೇಕು, ಕೈಪಟ್ಟಿ ಕಳಚಿ ಬರುತ್ತದೆ. ‘ಅಜ್ಜಾರ, ಬ್ರೇಕ್ ಹಾಕ್ರಿ, ಪಾದಪಟ್ಟಿ ಮ್ಯಾಲೆತ್ರಿ, ಆಮ್ಯಾಲ ಏಳ್ರಿ’ ಎಂದು ಅವರ ಕೈಯಲ್ಲೇ ಮೂರು ಸಲ ಮಾಡಿಸುತ್ತೇನೆ. ಪಾದಪಟ್ಟಿಯ ಮೇಲೆ ನಿಂತರೆ ಇಡೀ ಕುರ್ಚಿ ಮುಂದಕ್ಕೆ ಮಗುಚುತ್ತದೆ. ಇಳಿಜಾರಿನಲ್ಲಿ ಹಿಂದುಮುಂದಾಗಿ ಇಳಿಸಬೇಕು. ಧೋತರದ ತುದಿ, ಸೆರಗು ಕಡ್ಡಿಗಳಿಗೆ ಸಿಕ್ಕದಂತೆ ಒಳಗೆ ಸಿಗಿಸಿಕೊಳ್ಳಬೇಕು.

ಜೀವನಪೂರ್ತಿ ಕುರ್ಚಿ ಬೇಕಾದವರಿಗೆ ನಮ್ಮದು ನಡುವಿನ ಆಸರೆ ಮಾತ್ರ. 40% ಅಥವಾ ಹೆಚ್ಚಿನ ಅಂಗವೈಕಲ್ಯದ ಪ್ರಮಾಣಪತ್ರ ಇದ್ದವರು ತಮ್ಮ ಅಳತೆಯ ಹೊಸ ಕುರ್ಚಿಗೆ ಗ್ರಾಮ ಪಂಚಾಯತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕಾಣಬೇಕು. ಅರ್ಜಿಯ ದಾರಿ ಅವರಿಗೆ ಗೊತ್ತು.

ಎಲುಬು ಮುರಿದವರಿಗೆ, ಆಪರೇಷನ್ ಆದವರಿಗೆ ಕೊಟ್ಟದ್ದು ಮರಳಬೇಕು. ಚೌಕಟ್ಟಿಗೆ ಬಣ್ಣದಲ್ಲಿ ನಂಬರ್ ಬರೆದು, ವಹಿಯಲ್ಲಿ ಅಳತೆ, ತಾರೀಖು, ಊರು ಬರೆದಿಡುತ್ತೇನೆ. ಠೇವಣಿ ಕೇಳುವುದಿಲ್ಲ, ಕೇಳಿದರೆ ನಿಜವಾಗಿ ಬೇಕಾದವರೇ ಹಿಂದೆ ಸರಿಯುತ್ತಾರೆ. ಮೂರು ತಿಂಗಳಿಗೊಮ್ಮೆ ಫೋನ್ ಮಾಡಿ ಮೊದಲು ಆರೋಗ್ಯ, ಆಮೇಲೆ ಟೈರಿನ ಗಾಳಿ ವಿಚಾರಿಸುತ್ತೇನೆ. ಕೂತವರು ತೀರಿಕೊಂಡ ಮನೆಯಾದರೆ ದಿನಕರ್ಮ ಮುಗಿದು ಎರಡು ವಾರವಾದರೂ ಕಳೆಯಲಿ. ಆಮೇಲೆ ಕುರ್ಚಿಯನ್ನು ನಾವೇ ಹೋಗಿ ತರಬೇಕು, ಆ ಮನೆಯವರ ಕೈಯಲ್ಲಿ ಹೊರಿಸಬಾರದು.