ಮುಳ್ಳು ಏರಿತ್ತು, ಇಂಜಿನ್ ಕಾದಿರಲಿಲ್ಲ

ಅಪ್ಪನ ಕಾಲದ ಕಾರಲ್ಲಿ ಶಿರಾಡಿ ಘಾಟಿ ಹತ್ತುತ್ತಿದ್ದೆ. ಗುಂಡ್ಯ ದಾಟುತ್ತಿದ್ದಂತೆ ಟೆಂಪರೇಚರ್ ಮುಳ್ಳು ಕೆಂಪು ಗೆರೆಗೇ ಹೋಗಿ ನಿಂತಿತು. ಎದೆ ಧಸಕ್ಕೆಂದಿತು. ಪಕ್ಕಕ್ಕೆ ಹಾಕಿ ಬಾನೆಟ್ ಎತ್ತಿದರೆ ಹಬೆಯಿಲ್ಲ, ಕೂಲೆಂಟ್ ವಾಸನೆಯೂ ಇಲ್ಲ. ಬಿಸಿಯಿರುವಾಗ ರೇಡಿಯೇಟರ್ ಮುಚ್ಚಳ ಮಾತ್ರ ತೆರೆಯಬೇಡಿ, ಕುದಿನೀರು ಮುಖಕ್ಕೇ ಚಿಮ್ಮುತ್ತದೆ. ತಣ್ಣಗಾದ ಮೇಲೆ ನೋಡಿದೆ, ನೀರು ಭರ್ತಿ ಇತ್ತು.

ಸಕಲೇಶಪುರದಲ್ಲಿ ಥರ್ಮೋಸ್ಟಾಟ್, ಅಂದರೆ ಇಂಜಿನ್ ಬಿಸಿಯಾದಾಗ ರೇಡಿಯೇಟರಿಗೆ ನೀರು ಬಿಡುವ ಕವಾಟ, ಬದಲಿಸಿಯಾಯಿತು. ಮುಳ್ಳು ಮತ್ತೆ ಅಲ್ಲೇ!

ಮನೆಗೆ ಬಂದು ಇಂಜಿನ್ ಮೇಲಿನ, ಬಿಸಿ ಅಳೆಯುವ ಸೆನ್ಸರ್‌ನ ವೈರ್ ಕಳಚಿದೆ. ಮುಳ್ಳು ಪೂರ್ತಿ ಕೆಳಗಿಳಿಯಿತು. ಅಂದರೆ ವೈರ್ ಎಲ್ಲೂ ಕಾರಿನ ತಗಡಿಗೆ ತಗಲಿ ಶಾರ್ಟ್ ಆಗಿಲ್ಲ. ಆಗ ಕಣ್ಣಿಗೆ ಬಿದ್ದದ್ದು ಪಕ್ಕದ ಪೆಟ್ರೋಲ್ ಮುಳ್ಳು. ಟ್ಯಾಂಕಲ್ಲಿ ಅರ್ಧವೂ ಇಲ್ಲ, ಅದು ಮುಕ್ಕಾಲು ದಾಟಿತ್ತು. ಎರಡೂ ಒಟ್ಟಿಗೆ ಸುಳ್ಳು ಹೇಳುತ್ತಿವೆ ಎಂದರೆ ತಪ್ಪು ಇಂಜಿನ್ನಿನದಲ್ಲ, ಎರಡಕ್ಕೂ ಕರೆಂಟ್ ಕೊಡುವ ಜಾಗದ್ದು.

ಇಂಥ ಹಳೆಯ ಕಾರುಗಳಲ್ಲಿ ಮೀಟರ್ ಹಿಂದೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕ ವೋಲ್ಟೇಜ್ ಸ್ಟೆಬಿಲೈಜರ್ ಇರುತ್ತದೆ. ಬ್ಯಾಟರಿಯ 12 ವೋಲ್ಟನ್ನು ಸರಾಸರಿ 10ಕ್ಕೆ ಇಳಿಸುವುದು ಅದರ ಕೆಲಸ. ಅದಕ್ಕೆ ಅರ್ತ್, ಅಂದರೆ ಕಾರಿನ ತಗಡಿನ ಮೂಲಕ ಕರೆಂಟ್ ವಾಪಸಾಗುವ ದಾರಿ, ಸರಿಯಾಗಿ ಸಿಗದಿದ್ದರೆ ಪೂರ್ತಿ ವೋಲ್ಟೇಜ್ ಮೀಟರಿಗೆ ಹೋಗಿ ಮುಳ್ಳುಗಳು ಮೇಲೇರುತ್ತವೆ. ನನ್ನ ಕಾರಲ್ಲಿ ಅದನ್ನು ಹಿಡಿದಿದ್ದ ಸ್ಕ್ರೂ ಸುತ್ತ ಕಂದು ತುಕ್ಕು ಪುಡಿಪುಡಿಯಾಗಿ ಉದುರುತ್ತಿತ್ತು. ಬ್ಯಾಟರಿ ಕಳಚಿ, ಎಮೆರಿ ಪೇಪರಿನಿಂದ ತಗಡು ಹೊಳೆಯುವವರೆಗೆ ಉಜ್ಜಿ, ಹೊಸ ಸ್ಕ್ರೂ ಬಿಗಿದೆ. ಖರ್ಚು ಇಪ್ಪತ್ತು ರೂಪಾಯಿಯೂ ಆಗಲಿಲ್ಲ.

ಕಳೆದ ವಾರ ಮತ್ತೆ ಶಿರಾಡಿ ಹತ್ತಿದೆ. ಮಾರನಹಳ್ಳಿವರೆಗೂ ಮುಳ್ಳು ನಡುವಿನಿಂದ ಕೂದಲೆಳೆಯಷ್ಟೇ ಮೇಲಿತ್ತು.