ಗಾಡಿಯಲ್ಲೇ ಒಂದು ರಾತ್ರಿ ಕಳೆಯಬೇಕಾದರೆ

ದೂರದ ದಾರಿಗೆ ಹೊರಟಾಗ ಎಲ್ಲರೂ ಎಷ್ಟು ಹೊತ್ತಿಗೆ ತಲುಪುತ್ತೇವೆ ಅಂತ ಲೆಕ್ಕ ಹಾಕುತ್ತಾರೆ. ನಾನು, ನಡುದಾರಿಯಲ್ಲಿ ಗಾಡಿ ನಿಂತು ರಾತ್ರಿ ಅದರಲ್ಲೇ ಕಳೆಯಬೇಕಾದರೆ ಏನೇನು ಬೇಕು ಅಂತ ಯೋಚಿಸಿ ಡಿಕ್ಕಿ ತುಂಬಿಸುತ್ತೇನೆ. ಮನೆಯವರು ನಗುತ್ತಾರೆ, ನಗಲಿ.

ಮೊದಲು ನೀರು. ಒಬ್ಬರಿಗೆ ದಿನಕ್ಕೆ ಸುಮಾರು 4 ಲೀಟರ್ ಇರಲಿ. ಎಲ್ಲವನ್ನೂ ಒಂದೇ ಕ್ಯಾನಿಗೆ ತುಂಬಬೇಡಿ, ಅದು ಸೋರಿದರೆ ಇದ್ದದ್ದೂ ಹೋಯ್ತು. ಎಷ್ಟೇ ಬಾಯಾರಿದರೂ ರೇಡಿಯೇಟರ್ ನೀರು ಕುಡಿಯಬೇಡಿ, ಎಂಜಿನ್ ತಂಪಾಗಿಸಲು ಅದರಲ್ಲಿ ಬೆರೆಸುವ ಕೂಲೆಂಟ್ ವಿಷ. ತಿನ್ನೋಕೆ ಕೆಡದಂಥದ್ದು ಏನಾದರೂ ಸಾಕು. ಉಪ್ಪು ಜಾಸ್ತಿ ಇದ್ದರೆ ನೀರು ಬೇಗ ಖಾಲಿಯಾಗುತ್ತೆ. ಆಮೇಲೆ ಕಂಬಳಿ, ಟಾರ್ಚು, ಒಂದು ಸೀಟಿ, ದಿನಾ ನುಂಗುವ ಮಾತ್ರೆ.

ಇನ್ನು ಸ್ಟೆಪ್ನಿ. ಒಮ್ಮೆ ಚಕ್ರ ಪಂಕ್ಚರ್ ಆಯ್ತು, ಸ್ಟೆಪ್ನಿ ಇಳಿಸಿ ನೋಡಿದರೆ ಅದರಲ್ಲೂ ಗಾಳಿ ಇಲ್ಲ! ಗಾಳಿ ಹಾಕಿಸುವಾಗ ನಾಲ್ಕು ಚಕ್ರ ನೋಡಿ ಐದನೆಯದನ್ನು ಮರೆಯುತ್ತಿದ್ದೆ, ತಪ್ಪು ನನ್ನದೇ. ಜಾಕ್, ಪಾನಾ ಇದ್ದರಷ್ಟೇ ಸಾಲದು. ಮನೆ ಮುಂದೆ ಒಮ್ಮೆ ಚಕ್ರ ಬಿಚ್ಚಿ ಹಾಕಿ ನೋಡಿ. ನಟ್ಟು ಎಷ್ಟು ಬಿಗಿಯಾಗಿರುತ್ತೆ ಅಂತ ಆಗ ತಿಳಿಯುತ್ತೆ.

ಗಾಡಿ ನಿಂತುಬಿಟ್ಟರೆ ಅದನ್ನು ಬಿಟ್ಟು ನಡೆದು ಹೋಗಬೇಡಿ. ಹುಡುಕುವವರ ಕಣ್ಣಿಗೆ ಮನುಷ್ಯರಿಗಿಂತ ಗಾಡಿ ಬೇಗ ಬೀಳುತ್ತೆ. ಬಾನೆಟ್ ಎತ್ತಿಡಿ, ಬಣ್ಣದ ಬಟ್ಟೆಯೊಂದನ್ನು ಕಟ್ಟಿ. ಯಾರಾದರೂ ಹತ್ತಿರ ಬಂದ ಸದ್ದಾದರೆ ಮೂರು ಮೂರು ಸಲ ಸೀಟಿ ಊದಿ, ಅದು ಆಪತ್ತಿನ ಸೂಚನೆ. ಸಿಗ್ನಲ್ ಹುಡುಕಿ ಹುಡುಕಿಯೇ ಫೋನಿನ ಚಾರ್ಜ್ ಇಳಿಯುತ್ತೆ, ಅದಕ್ಕೇ ನಡುನಡುವೆ ಆಫ್ ಮಾಡಿಡಿ. ಕರೆ ಹೋಗದ ಕಡೆ ಮೆಸೇಜ್ ಹೋದದ್ದುಂಟು.

ಚಳಿ ಅಂತ ರಾತ್ರಿಯಿಡೀ ಎಂಜಿನ್ ಓಡಿಸಿ ಮಲಗುವುದು ಮಾತ್ರ ಬೇಡವೇ ಬೇಡ. ಹೊಗೆ ಕೊಳವೆಗೆ ಕೆಸರೋ ಹಿಮವೋ ಮೆತ್ತಿಕೊಂಡಿದ್ದರೆ ಕಾರ್ಬನ್ ಮಾನಾಕ್ಸೈಡ್ ಅನ್ನೋ ವಿಷದ ಗಾಳಿ ಒಳಗೆ ಸೇರಿಕೊಳ್ಳುತ್ತೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರಿಗೆ ಗೊತ್ತೇ ಆಗೋದಿಲ್ಲ. ಕೊಳವೆ ನೋಡಿ, ಕಿಟಕಿ ಒಂದಿಷ್ಟು ಇಳಿಸಿ, ಗಂಟೆಗೆ 10 ನಿಮಿಷ ಓಡಿಸಿದರೆ ಸಾಕು. ಆಗ ಟ್ಯಾಂಕಿನಲ್ಲೂ ಒಂದಿಷ್ಟು ಉಳಿಯುತ್ತೆ, ಅಲ್ವಾ? ನಾನಂತೂ ಅರ್ಧಕ್ಕೆ ಇಳಿದ ಕೂಡಲೇ ತುಂಬಿಸುತ್ತೇನೆ.

ಹೋಗುವ ದಾರಿ, ತಲುಪುವ ಹೊತ್ತು, ಗಾಡಿ ನಂಬರ್ ಮೂರನ್ನೂ ಒಂದು ಚೀಟಿಯಲ್ಲಿ ಬರೆದು ಮನೆಯಲ್ಲಿರುವವರ ಕೈಗೆ ಕೊಡಿ. ನಡುವೆ ದಾರಿ ಬದಲಿಸಿದರೆ ಸಿಗ್ನಲ್ ಇರುವಾಗಲೇ ತಿಳಿಸಿ. ಇಲ್ಲದಿದ್ದರೆ ಅವರು ಹಳೇ ದಾರಿಯಲ್ಲೇ ಹುಡುಕುತ್ತಿರುತ್ತಾರೆ.