ಸಾವಿನ ಮನೆಗೆ ನಾನು ಒಯ್ದದ್ದು

ಮೊದಲು ನಾನು ಮಾಡಿದ ತಪ್ಪನ್ನು ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯ ಟೀಚರ್ ಒಬ್ಬಳ ಅಮ್ಮ ತೀರಿಹೋದರು. ಬೊಜ್ಜದ ದಿನಕ್ಕೆ, ಅಂದರೆ ಉತ್ತರಕ್ರಿಯೆಯ ದಿನಕ್ಕೆ, ನೆನಪಿಗೆ ಉಳಿಯುವಂಥದ್ದು ಏನಾದರೂ ಕೊಡಬೇಕು ಅಂತ ನನಗೆ ಹುಮ್ಮಸ್ಸು. ಯಾರದೋ ಮದುವೆಯಲ್ಲಿ ತೆಗೆದ ಅವರ ಫೋಟೋ ನನ್ನ ಮೊಬೈಲಿನಲ್ಲಿತ್ತು. ಕಾಸರಗೋಡಿಗೆ ಹೋಗಿ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಪೇಪರ್ ಸುತ್ತಿಸಿ ಒಯ್ದೆ. ಅವಳು ಎರಡೂ ಕೈಯಲ್ಲಿ ತೆಗೆದುಕೊಂಡಳು, ಏನೂ ಹೇಳಲಿಲ್ಲ. ವರ್ಷ ಕಳೆದು ಅವಳ ಮನೆಗೆ ಹೋದಾಗ ಕಪಾಟಿನ ಹಿಂದೆ ಗೋಡೆಗೆ ಒರಗಿಸಿಟ್ಟದ್ದು ಕಣ್ಣಿಗೆ ಬಿತ್ತು. ಪೇಪರ್ ಒಂದು ಮೂಲೆಯಲ್ಲಿ ಮಾತ್ರ ಹರಿದಿತ್ತು. ಆ ಮದುವೆಯ ಹೊತ್ತಿಗೆ ಅಮ್ಮನಿಗೆ ಕಿಮೋ ಶುರುವಾಗಿತ್ತಂತೆ. ತಲೆಗೆ ಸೆರಗು ಹೊದ್ದದ್ದು ಚಂದಕ್ಕಲ್ಲ. ಮಗಳಿಗೆ ಆ ಮುಖ ಮತ್ತೆ ನೋಡುವುದು ಬೇಡವಾಗಿತ್ತು.

ಆಮೇಲೆ ನಾನು ಫೋಟೋ ಒಯ್ದದ್ದಿಲ್ಲ. ಹೂಗುಚ್ಛವೂ ಇಲ್ಲ. ಹಣ್ಣಿನ ಬುಟ್ಟಿಯನ್ನಂತೂ ಕೇಳುವುದೇ ಬೇಡ, ನಮ್ಮ ಕಡೆ ಬಂದವರೆಲ್ಲ ಬಾಳೆಹಣ್ಣು ತಂದು ಮೂರನೇ ದಿನಕ್ಕೆ ಜಗಲಿಯಿಡೀ ನುಸಿ. ‘ಸಾವು ಎಂದರೇನು’ ಎಂಬಂಥ ಪುಸ್ತಕವನ್ನೂ ಬಿಟ್ಟಿದ್ದೇನೆ. ಉಪ್ಪಳದ ನನ್ನ ಬ್ಯಾರಿ ಗೆಳತಿ ಗಂಡ ಹೋದ ಮೇಲೆ 4 ತಿಂಗಳು 10 ದಿನ ಇದ್ದತ್ ಕೂತಿದ್ದಳು, ಮನೆ ಬಿಟ್ಟು ಹೊರಡುವಂತಿಲ್ಲ. ಅವಳಿಗೆ ನಾನು ಅಂಥದ್ದೇ ಒಂದು ಪುಸ್ತಕ ಒಯ್ದಾಗ, “ಇದು ಬೇಡ ಮಾರಾಯ್ತಿ, ಮುಂದಿನ ಸಲ ಅಡುಗೆದ್ದು ತಾ, ಪತ್ತೇದಾರಿಯಾದರೂ ಆಗ್ತದೆ” ಅಂದಳು. ಅವಳು ಬಾಯಿಬಿಟ್ಟು ಹೇಳಿದ್ದು ನನ್ನ ಪುಣ್ಯ. ಹೆಚ್ಚಿನವರು ಹೇಳುವುದಿಲ್ಲ.

ಇನ್ನು, ಮಳೆ ಜೋರಿರುವ ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ಗಂಡನನ್ನು ಕಳೆದುಕೊಂಡ ಇನ್ನೊಬ್ಬ ಗೆಳತಿಯ ಕಥೆ. ಬದಿಯಡ್ಕದ ಹತ್ತಿರ ನಮ್ಮ ತೋಟ, ತೋಡು ದಾಟಿದರೆ ಅವರದ್ದು. ಮಂಗಳೂರಿನ ಆಸ್ಪತ್ರೆಯಿಂದ ರಾತ್ರಿ ಹೆಣ ಬಂತು, ಜೋರು ಮಳೆ. ಅವತ್ತು ಆ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ, ಹಾಗಾಗಿ ಗಂಜಿ ಮತ್ತು ಬಿಸಿನೀರಿನ ದೊಡ್ಡ ಥರ್ಮಾಸ್ ಒಯ್ದೆ. ಮರುದಿನದಿಂದ ಏನು ಒಯ್ಯಬಹುದು ಅಂತ ಅವಳ ಹತ್ತಿರ ಕೇಳಲಿಲ್ಲ, ಅವಳ ಓರಗಿತ್ತಿಯ ಹತ್ತಿರ ಕೇಳಿದೆ. ಸೂತಕ ಮುಗಿಯುವವರೆಗೆ ಅವರಲ್ಲಿ ಒಗ್ಗರಣೆ ಇಲ್ಲ ಅಂತ ಗೊತ್ತಾದದ್ದು ಹಾಗೆ. ಒಂದೊಂದು ಮನೆಯ ಕ್ರಮ ಒಂದೊಂದು, ಒಂದೇ ಜಾತಿಯವರಾದರೂ. ಮನೆಯ ಇನ್ನೊಬ್ಬರನ್ನು ಕೇಳಿಕೊಂಡರೆ ಸುಮ್ನೆ ಮುಜುಗರ ಆಗುವುದಿಲ್ಲ.

ಪಾತ್ರೆಯದ್ದೂ ಒಂದು ವಿಷಯ. ನಮ್ಮಲ್ಲಿ ಪಾತ್ರೆ ಖಾಲಿ ವಾಪಸು ಕೊಡುವ ಅಭ್ಯಾಸ ಇಲ್ಲ. ಸ್ಟೀಲ್ ಡಬ್ಬಿಯಲ್ಲಿ ಕೊಟ್ಟರೆ ಅವಳು ತೊಳೆದು, ಯಾರದ್ದು ಅಂತ ನೆನಪಿಟ್ಟು, ಒಳಗೆ ಏನಾದರೂ ಹಾಕಿ ಕಳಿಸಬೇಕಲ್ವಾ? ನಾನು ಬಾಳೆಲೆಯಲ್ಲಿ ಕಟ್ಟಿ ಕೊಂಡುಹೋಗುತ್ತಿದ್ದೆ. “ಏನಾದ್ರೂ ಬೇಕಾದ್ರೆ ಹೇಳು” ಅನ್ನುವ ಮಾತನ್ನೂ ಬಿಟ್ಟೆ. “ನಾಳೆ ಹಾಲು ತರ್ತೇನೆ, ಎರಡು ಲೀಟರ್ ಸಾಕಾ?” ಅಂತ ಕೇಳುತ್ತಿದ್ದೆ. ಅದಕ್ಕೆ ತಲೆ ಆಡಿಸಿದರೆ ಸಾಕು.

ಆರನೇ ದಿನ ಇರಬೇಕು. ಅವಳು ಜಗಲಿಯಲ್ಲಿ ಕೂತು ತೋಟದ ಕಡೆ ನೋಡುತ್ತಾ, “ಎರಡನೇ ಮದ್ದು ಬಿಟ್ಟಾಗಲಿಲ್ಲ” ಅಂದಳು. ಅಷ್ಟೇ. ಅಡಿಕೆ ತೋಟ ಇಲ್ಲದವರಿಗೆ ಇದರ ಭಾರ ತಿಳಿಯಲಿಕ್ಕಿಲ್ಲ. ಮಳೆ ಹಿಡಿಯುವ ಮೊದಲು ಒಂದು ಸಲ, ಆಮೇಲೆ 40–45 ದಿನಕ್ಕೆ ಇನ್ನೊಂದು ಸಲ ಗೊನೆಗಳಿಗೆ ಬೋರ್ಡೋ, ಅಂದರೆ ತಾಮ್ರದ ಮೈಲುತುತ್ತು ಮತ್ತು ಸುಣ್ಣ ಕಲಸಿದ ಮದ್ದು, ಬಿಡಬೇಕು. ಇಲ್ಲವಾದರೆ ಕೊಳೆರೋಗ ಬಂದು ಎಳೆ ಅಡಿಕೆ ಬುಡದಲ್ಲಿ ಹಾಸಿಬೀಳುತ್ತದೆ. ಮೊದಲನೆಯದನ್ನು ಅವಳ ಗಂಡ ಮೇ ಕೊನೆಗೇ ಮುಗಿಸಿದ್ದರು. ಲೆಕ್ಕದ ದಿನ ದಾಟಿಹೋಗಿತ್ತು. ಊರಿಡೀ ಮದ್ದು ಬಿಡುವವರನ್ನು ಕಾಯುವ ಸಮಯ ಅದು.

ಮುಳ್ಳೇರಿಯ ಕಡೆಯ ಮದ್ದಿನವನಿಗೆ ಫೋನ್ ಮಾಡಿದೆ. ಹದಿನೈದು ದಿನ ಪುರುಸೊತ್ತಿಲ್ಲ ಅಂದ. ಅವನ ಪಟ್ಟಿಯಲ್ಲಿ ಎರಡು ದಿನ ಬಿಟ್ಟು ನಮ್ಮ ಸರದಿ ಇತ್ತು. ನಮ್ಮವರ ಹತ್ತಿರ ಮಾತಾಡಿದೆ, ಅವರು ಒಂದು ಗಳಿಗೆ ಸುಮ್ಮನಿದ್ದು “ಕೊಡುವಾ” ಅಂದರು. ನಮ್ಮದು ಹತ್ತು ದಿನ ಹಿಂದೆ ಹೋಯಿತು. ತಗ್ಗಿನ ಕಡೆ ಸ್ವಲ್ಪ ಉದುರಿತು ಕೂಡ, ಸುಳ್ಳು ಯಾಕೆ ಹೇಳಲಿ.

ಅವತ್ತು ಮಳೆ ಹೊಳವು ಬಿಟ್ಟಿತ್ತು. ನಾವೇ ಅವರ ಅಂಗಳದಲ್ಲಿ ಮದ್ದು ಕಲಸಿದೆವು. 200 ಲೀಟರಿಗೆ 2 ಕಿಲೋ ಮೈಲುತುತ್ತು, 2 ಕಿಲೋ ಸುಣ್ಣ. ಎರಡನ್ನೂ ಬೇರೆಬೇರೆ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕರಗಿಸಿ, ತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು, ಉಲ್ಟಾ ಮಾಡಬಾರದು. ಪ್ಲಸ್ ವನ್ ಓದುವ ಅವಳ ಮಗ ಅಷ್ಟು ದಿನ ಕೋಣೆಯಿಂದ ಹೊರಗೆ ಬಂದದ್ದೇ ಕಡಿಮೆ. ಕಲಸುವ ಸದ್ದಿಗೆ ಬಂದು ಮೆಟ್ಟಿಲಲ್ಲಿ ನಿಂತ. “ಚೂರಿ ಎಲ್ಲಿಡ್ತಾರೆ?” ಅಂತ ಕೇಳಿದೆ. ಮಾಡಿನ ಸಂದಿಯಿಂದ ಒಂದು ಹಳೇ ಕಬ್ಬಿಣದ ಚೂರಿ ತೆಗೆದ. ಹಿಡಿಗೆ ಸೈಕಲ್ ಟ್ಯೂಬ್ ಸುತ್ತಿತ್ತು. ಬಾಯಿಯನ್ನು ಅಂಗಳದ ಕಲ್ಲಿಗೆ ಎರಡು ಸಲ ತಿಕ್ಕಿ, ಮದ್ದಿಗೆ ಅದ್ದಿ, ಎತ್ತಿ ಬೆಳಕಿಗೆ ಹಿಡಿದ. ಬಾಯಿಯ ಮೇಲೆ ತೆಳ್ಳಗೆ ಕೆಂಪು. ತಾಮ್ರ ಹಿಡಿದಿದೆ, ಅಂದರೆ ಸುಣ್ಣ ಸಾಲದು. ಯಾರೂ ಹೇಳದೆ ಒಳಗೆ ಹೋಗಿ ಸುಣ್ಣ ತಂದ, ನೀರಿನಲ್ಲಿ ಕಲಸಿ ಹಾಕಿದ. ಇನ್ನೊಮ್ಮೆ ತಿಕ್ಕಿ ಅದ್ದಿದ. ಈ ಸಲ ಕಬ್ಬಿಣ ಕಬ್ಬಿಣದ ಹಾಗೆಯೇ ಇತ್ತು. “ಆಗಿದೆ” ಅಂದ. ಅವನಮ್ಮ ಕಿಟಕಿಯಲ್ಲಿ ನಿಂತು ನೋಡುತ್ತಿದ್ದಳು.

ಹದಿಮೂರು ಕಳೆದು ನೆಂಟರೆಲ್ಲ ಹೊರಟ ಮೇಲೆ ಕಾಗದಪತ್ರದ ಕೆಲಸ. ಸಾವು ಎಲ್ಲಿ ಆಯಿತೋ ಅಲ್ಲೇ ನೋಂದಣಿ, ಅದೂ 21 ದಿನದೊಳಗೆ. ಹಾಗಾಗಿ ಮರಣ ಪ್ರಮಾಣಪತ್ರ ಮಂಗಳೂರಿನಿಂದ ಬಂತು. ನಮ್ಮ ಕಾಸರಗೋಡು ಕೇರಳ ಅಲ್ವಾ, ಬಾಕಿ ಎಲ್ಲಾ ಇಲ್ಲಿನ ವಿಲ್ಲೇಜ್ ಆಫೀಸು, ಬ್ಯಾಂಕು, ಮಲಯಾಳದ ಫಾರಮ್ಮು. ಅವಳು ಕನ್ನಡ ಶಾಲೆಯಲ್ಲಿ ಕಲಿತವಳು. ಅಂಗಡಿಯಲ್ಲಿ ಮಲಯಾಳ ಮಾತಾಡಿಯಾಳು, ಓದಲಿಕ್ಕೆ ಬರುವುದಿಲ್ಲ. ನಾವು ಕನ್ನಡದಲ್ಲೇ ಅರ್ಜಿ ಕೊಡಬಹುದು ಅನ್ನುವುದು ಸರಿ, ಆ ಹಕ್ಕಿಗೆ ನಾನೂ ಜಗಳ ಆಡಿದವಳೇ. ಆದರೆ ಗಂಡ ಹೋಗಿ ಇಪ್ಪತ್ತು ದಿನ ಆದವಳಿಗೆ ಕೌಂಟರಿನ ಮುಂದೆ ಜಗಳ ಆಡು ಅನ್ನಲು ಆಗ್ತದಾ? ನಾನೇ ಓದಿ ಹೇಳಿದೆ, ತುಂಬಿಸಿದೆ. ಸಹಿ ಮಾತ್ರ ಅವಳದ್ದು.

ಅದರಲ್ಲೂ ಹೆಸರಿನ ರಗಳೆ. ಮಂಗಳೂರಿನ ಕಾಗದದಲ್ಲಿ ಇಂಗ್ಲಿಷ್ ಅಕ್ಷರ ಒಂದು ನಮೂನೆ, ಇಲ್ಲಿನ ರೇಷನ್ ಕಾರ್ಡಿನಲ್ಲಿ ಇನ್ನೊಂದು. ಒಂದರಲ್ಲಿ ಇನಿಷಿಯಲ್ ಮುಂದೆ, ಇನ್ನೊಂದರಲ್ಲಿ ಹಿಂದೆ. ಮನೆ ಹೆಸರನ್ನು ಮಲಯಾಳದಲ್ಲಿ ಬರೆದು ಅದನ್ನು ಮತ್ತೆ ಇಂಗ್ಲಿಷಿಗೆ ತಂದಾಗ ಮನೆಯೇ ಬೇರೆ ಆಗಿತ್ತು. ಎಲ್ಲದರ ಪ್ರತಿ ತೆಗೆಸಿ ಒಂದು ನೀಲಿ ಫೈಲಿನಲ್ಲಿ ಹಾಕಿದೆ. ಪ್ರತಿಯೊಂದರ ಮೇಲೆ ಚೀಟಿ ಅಂಟಿಸಿ, ಯಾವುದು ಯಾವ ಆಫೀಸಿಗೆ ಅಂತ ಕನ್ನಡದಲ್ಲಿ ಬರೆದೆ. ಅಂಗಡಿಯಿಂದ ದುಡ್ಡು ಕೊಟ್ಟು ತಂದು ಕೊಟ್ಟ ವಸ್ತು ಅಂದರೆ ಆ ಫೈಲು ಒಂದೇ.

ಇಲ್ಲ, ಇನ್ನೊಂದಿದೆ, ಒಂದು ಕವರು. ಸಂಪಾದಿಸುವವರು ಹೋದ ಮನೆಗೆ ಹಣ ಕೊಡಲು ನಾಚಬೇಕಾಗಿಲ್ಲ ಅಂತ ನನ್ನ ಅಭಿಪ್ರಾಯ. ಆದರೆ ಬೊಜ್ಜದ ಗದ್ದಲದಲ್ಲಿ ಎಲ್ಲರೆದುರು ಕೊಡಲಿಲ್ಲ. ಶಾಲೆಯ ಫೀಸು ಕಟ್ಟುವ ವಾರ ಫೈಲಿನೊಳಗೆ ಇಟ್ಟು ಬಂದೆ.

ಮುಂದಿನ ಎರಡು ತಿಂಗಳು ಗುರುವಾರ ಸಂಜೆ ಹೋಗುತ್ತಿದ್ದೆ. ಕೈಯಲ್ಲಿ ಏನಾದರೂ ಕೆಲಸ ಇರುತ್ತಿತ್ತು. ಉಪ್ಪುಸೊಳೆ, ಅಂದರೆ ಉಪ್ಪಿನಲ್ಲಿಟ್ಟ ಹಲಸಿನ ತೊಳೆ, ಹಿಂಡಿ ಒಯ್ದು ಅಲ್ಲೇ ಕೂತು ಕಡೆದು ಎಣ್ಣೆಯಲ್ಲಿ ಕರಿಯುವ ಉಂಡ್ಲಕಾಳು ಉರುಟುವುದು, ಇಲ್ಲ ತೆಂಗಿನ ಗರಿ ಸೀಳುವುದು. ಮುಖ ನೋಡಿಕೊಂಡು ಎದುರುಬದುರು ಕೂತರೆ ಅವಳು ಮಾತಾಡುತ್ತಿರಲಿಲ್ಲ. ಕೈ ಕೆಲಸದಲ್ಲಿದ್ದರೆ ಮಾತು ಬರುತ್ತಿತ್ತು. ಒಮ್ಮೆ ಗಂಡ ಗೊರಕೆ ಹೊಡೆಯುತ್ತಿದ್ದದ್ದರ ಬಗ್ಗೆ ಅರ್ಧ ಗಂಟೆ ಬೈದಳು.

ಈ ವರ್ಷ ಆಟಿ ಹತ್ತಿರ ಬರುವಾಗ ಹುಡುಗ ಫೋನ್ ಮಾಡಿದ. “ಮದ್ದಿನವರ ಹತ್ತಿರ ನಾನೇ ಮಾತಾಡಿದ್ದೇನೆ. ಸೋಮವಾರ ನಮ್ಮ ಸರದಿ. ನಿಮ್ಮದು ಮೊದಲು ಆಗ್ಲಿ, ನಮ್ಮದು ಮತ್ತೆ. ಕಲಸುವಾಗ ಕರೀರಿ, ಚೂರಿ ತರ್ತೇನೆ.”